ಚೈನಿಗೊಂದು ಅಭ್ಯಂಜನ

ಭಾನುವಾರ ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ನಾರಾಯಣಗೂಡವನ್ನು ನೋಡಬೇಕು, ಯುವ ಮಿತ್ರರೇ! ವಾರದ ಉಳಿದ ಆರು ದಿನ ವೈ.ಎಂ.ಸಿ.ಎ. ಚೌಕದಲ್ಲಿ ರಸ್ತೆ ದಾಟಬೇಕಾದರೆ ಮನೆದೇವರಿಂದ ಹಿಡಿದು ಊರದೇವರವರೆಗೆ ಎಲ್ಲರನ್ನೂ ನೆನೆಯಬೇಕು. ಮೇಲ್ಸೇತುವೆಯ ಮೇಲೊಂದು ಪ್ರವಾಹ, ಕೆಳಗೊಂದು ಪ್ರವಾಹ. 2020ರ ಫೆಬ್ರವರಿ 7ರಂದು ಜುಬಿಲಿ ಬಸ್ ನಿಲ್ದಾಣದಿಂದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದವರೆಗಿನ ಮೆಟ್ರೋ ಆರಂಭವಾಗಿ ನಮ್ಮ ಪೇಟೆಗೂ ಒಂದು ಸ್ಟೇಷನ್ ಬಂತು. ಇನ್ನು ಗಾಡಿಗಳು ಕಡಿಮೆಯಾದಾವು ಎಂದು ನಾವೆಲ್ಲ ಅಂದುಕೊಂಡೆವು. ಎಲ್ಲಿ ಬಂತು! ಮನೆಗೊಂದಿದ್ದ ಗಾಡಿ ಆಳಿಗೊಂದಾಯಿತು.

ಆದರೆ ಭಾನುವಾರ ಬೆಳಿಗ್ಗೆ ಮಾತ್ರ ಈ ಗಾಡಿಗಳೆಲ್ಲ ಓಣಿಗಳಲ್ಲಿ ಸಾಲಾಗಿ ನಿಂತು ಸ್ನಾನಕ್ಕೆ ಕಾಯುತ್ತಿರುತ್ತವೆ. ಬಕೆಟ್ಟು, ಮಗ್ಗು, ಹಳೆಯ ಬನಿಯನ್ನು ಹಿಡಿದು ಹುಡುಗರು ಕೆಳಗಿಳಿದು ಬರುತ್ತಾರೆ. ಈಗೀಗ ಹುಡುಗಿಯರೂ ಬರುತ್ತಾರೆ, ಸಂತೋಷ. ಟ್ಯಾಂಕಿಗೆ ಶಾಂಪೂ, ಕನ್ನಡಿಗೆ ಹಳೆಯ ದಿನಪತ್ರಿಕೆ, ಚಕ್ರದ ಕಡ್ಡಿಗಳಿಗೆ ಬ್ರಷ್ಷು. ಎಲ್ಲ ಮುಗಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಒಂದು ಫೋಟೋ. ಅಷ್ಟರಲ್ಲಿ ನಾನು ಬಾಲ್ಕನಿಯಿಂದ ಬಗ್ಗಿ ನೋಡುವುದು ಒಂದೇ ಒಂದು ಜಾಗವನ್ನು: ಹಿಂದಿನ ಚಕ್ರದ ಪಕ್ಕದ ಚೈನು. ಅದು ಹೋದ ಭಾನುವಾರ ಹೇಗಿತ್ತೋ ಹಾಗೆಯೇ ಇರುತ್ತದೆ. ಮಣ್ಣು ಮೆತ್ತಿದ ಕರಿಯ ಸರಪಳಿ. ಅದರ ಮೇಲೆ ಈಗಷ್ಟೇ ಬಿದ್ದ ಸೋಪಿನ ನೀರು. ತಲೆಗೆ ಎರೆದುಕೊಂಡು ಕಾಲು ತೊಳೆಯದೆ ಒಳಗೆ ಬಂದ ಹಾಗೆ!

ಇವತ್ತು ಆ ಚೈನಿನ ಮಾತು ಆಡೋಣ. ‘ಅಡಿಗೆಮನೆಯ ಆಂಟಿಗೆ ಗಾಡಿಯ ಚೈನಿನ ಉಸಾಬರಿ ಯಾಕೆ?’ ಎಂದು ನಗಬೇಡಿ. ಹೊಲಿಗೆಯ ಯಂತ್ರಕ್ಕೆ ಎಣ್ಣೆ ಬಿಡುವವರು ಯಾರು, ಕೀರಲು ಬಾಗಿಲಿನ ತಿರುಗಣಿಗೆ ಕೊಬ್ಬರಿ ಎಣ್ಣೆ ಸವರುವವರು ಯಾರು? ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಅದು ಕೂಗುತ್ತದೆ, ಕೂಗಿದರೆ ಎಣ್ಣೆ ಕೇಳುತ್ತಿದೆ ಎಂದರ್ಥ. ಇದು ಮನೆ ನಡೆಸುವವರಿಗೆಲ್ಲ ಗೊತ್ತಿರುವ ವಿದ್ಯೆ.

ಮೊದಲು ನಮ್ಮ ಪೇಟೆಯನ್ನು ಒಂದು ಸುತ್ತು ಹಾಕಿಬರೋಣ, ಬನ್ನಿ. ನಾರಾಯಣಗೂಡದ ಒಂದು ಬದಿಗೆ ಹಿಮಾಯತನಗರ, ಇನ್ನೊಂದು ಬದಿಗೆ ಚಿಕ್ಕಡಪಲ್ಲಿ, ಆಚೆಗೆ ಬರ್ಕತ್‌ಪುರ, ಕಾಚಿಗುಡ. ಹಳೆಯ ಹೈದರಾಬಾದಿನ ಕೊತ್ವಾಲರಾಗಿದ್ದ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರ ಹೆಸರಿನ ಮಹಿಳಾ ಕಾಲೇಜು ಇಲ್ಲಿ 1954ರಿಂದ ಇದೆ. ನ್ಯಾಯಮೂರ್ತಿಗಳಾಗಿದ್ದ ಕೇಶವರಾವ್ ಕೊರಟ್ಕರ್ ಅವರ ನೆನಪಿನ ಕೇಶವ ಮೆಮೋರಿಯಲ್ ವಿದ್ಯಾಸಂಸ್ಥೆಯೂ ಇಲ್ಲಿಯೇ. ಕಾಚಿಗುಡಕ್ಕೆ ಹೋದರೆ ನೃಪತುಂಗನ ಹೆಸರಿನ ನಮ್ಮ ಕನ್ನಡ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ. ನೃಪತುಂಗನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಮಳಖೇಡ. ವಾಡಿ ಕಡೆಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತರೆ ಆ ಹೆಸರಿನ ನಿಲ್ದಾಣದ ಫಲಕವೂ ನಿಮಗೆ ಕಂಡೀತು. ಇನ್ನು ನಿಜಾಮರ ಕಾಲದಲ್ಲಿ, 1916ರಲ್ಲಿ, ಕಟ್ಟಿದ ಕಾಚಿಗುಡ ರೈಲು ನಿಲ್ದಾಣ. 2023ರ ಸೆಪ್ಟೆಂಬರ್ 24ರಿಂದ ಯಶವಂತಪುರಕ್ಕೆ ವಂದೇ ಭಾರತ್ ಹೊರಡುವುದೂ ಇಲ್ಲಿಂದಲೇ.

ಈ ಸುತ್ತಿನಲ್ಲಿ ಕನ್ನಡ ಹೇಗೆ ಬಂತು ಎಂದು ನೀವು ಕೇಳಬಹುದು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕೋರ್ಟು, ಕಾಲೇಜು, ದೊಡ್ಡ ಆಸ್ಪತ್ರೆ, ನೌಕರಿ ಯಾವುದಕ್ಕೇ ಆಗಲಿ ಅಲ್ಲಿಯವರಿಗೆ ರಾಜಧಾನಿ ಇದೇ. ರಾಜ್ಯಗಳ ಗಡಿ ಬದಲಾದರೂ ಇಲ್ಲಿ ಸಂಸಾರ ಹೂಡಿದವರು ಹಾಗೆಯೇ ಉಳಿದರು. ಆಮೇಲೆ ಹೋಟೆಲು ನಡೆಸಲು ಬಂದವರು, ಬ್ಯಾಂಕು ಕಚೇರಿಗಳ ವರ್ಗಾವಣೆಯಲ್ಲಿ ಬಂದವರು ಸೇರಿಕೊಂಡರು. ನೀವು ಹುಟ್ಟಿದ್ದು ಇಲ್ಲಿ. ಅಂಗಡಿಯಲ್ಲಿ ತೆಲುಗು, ಓಣಿಯಲ್ಲಿ ಹೈದರಾಬಾದಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡವೋ? ಅದು ಊಟದ ತಟ್ಟೆಯ ಸುತ್ತ! ‘ಬಾ, ಉಣ್ಣು, ಇನ್ನೊಂದು ಸ್ವಲ್ಪ ಹಾಕಲೇ, ಆ ಫೋನ್ ಕೆಳಗಿಡು’ ಇಷ್ಟರಲ್ಲೇ ಅದು ಸುತ್ತುತ್ತಿದೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಒಂದು ಭಾಷೆಯಲ್ಲಿ ಬರೀ ಉಂಡರೆ ಸಾಲದು, ಅದರಲ್ಲಿ ಏನಾದರೂ ಕೆಲಸ ಮಾಡಬೇಕು. ಆಗ ಮಾತು ಕೈಗೆ ಅಂಟುತ್ತದೆ. ಭಾನುವಾರ ಒಂದು ತಾಸು ಅಪ್ಪನ ಜೊತೆ, ಅಜ್ಜನ ಜೊತೆ ಕುಳಿತು ಕನ್ನಡದಲ್ಲೇ ಗಾಡಿಯ ಚೈನು ತೊಳೆದು ನೋಡಿ. ಸಡಿಲ, ಬಿಗಿ, ಸವೆತ, ತುಕ್ಕು, ಕೊಂಡಿ, ಹಲ್ಲು, ಅಚ್ಚು... ಎಷ್ಟೊಂದು ಶಬ್ದಗಳು ತಾವಾಗಿ ಹೊರಗೆ ಬರುತ್ತವೆ! ಇದಕ್ಕೆ ಬೇಕಾಗುವ ಮುಖ್ಯ ದ್ರವಕ್ಕೇ ನಮ್ಮ ಓಣಿಯಲ್ಲಿ ಎಷ್ಟು ಹೆಸರು ನೋಡಿ: ಬೆಂಗಳೂರಿನ ಕಡೆಯವರಿಗೆ ಸೀಮೆಎಣ್ಣೆ, ಕಲಬುರಗಿಯವರಿಗೆ ಚಿಮಣಿ ಎಣ್ಣೆ, ತೆಲುಗಿನ ನೆರೆಯವರಿಗೆ ಕಿರಸನಾಯಿಲು, ಹಿಂದಿಯವರಿಗೆ ಮಿಟ್ಟಿ ಕಾ ತೇಲ್. ನಟ್ಟು ಬಿಚ್ಚುವ ‘ಪಾನಾ’ ಮಾತ್ರ ನಮ್ಮ ಬಯಲುಸೀಮೆಯ ಕನ್ನಡಿಗರಿಗೂ ಇಲ್ಲಿಯವರಿಗೂ ಒಂದೇ.

ಈಗ ವಿಷಯಕ್ಕೆ ಬರೋಣ. ಚೈನಿನ ಕೆಲಸ ಏನು? ಇಂಜಿನ್ನಿನ ಬಲವನ್ನು ಮುಂದಿನ ಚಿಕ್ಕ ಹಲ್ಲುಚಕ್ರದಿಂದ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಒಯ್ಯುವುದು. ನೋಡಲು ಸರಪಳಿ, ಆದರೆ ಒಳಗೆ ಕುಸುರಿ ಕೆಲಸವಿದೆ. ಪ್ರತಿ ಕೊಂಡಿಯಲ್ಲೂ ಎರಡು ಪಕ್ಕದ ಪಟ್ಟಿಗಳು, ನಡುವೆ ಒಂದು ಪಿನ್ನು, ಪಿನ್ನಿನ ಸುತ್ತ ಕೊಳವೆಯಂಥ ಬುಷ್ಷು, ಬುಷ್ಷಿನ ಮೇಲೆ ತಿರುಗುವ ರೋಲರು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್ ಎಂಬ ಎಂಜಿನಿಯರು 1880ರಲ್ಲಿ ಈ ಬಗೆಯ ಚೈನಿಗೆ ಪೇಟೆಂಟ್ ಪಡೆದ. ನಿಮ್ಮ ಗಾಡಿಯಲ್ಲಿರುವುದು ಅದೇ ತತ್ವದ ಚೈನು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನದಲ್ಲೂ ಇಂಜಿನ್ನಿನಿಂದ ಎರಡು ಪ್ರೊಪೆಲ್ಲರುಗಳಿಗೆ ಬಲ ಹೋದದ್ದು ಚೈನಿನ ಮೂಲಕವೇ. ಸೈಕಲ್ ಅಂಗಡಿ ಇಟ್ಟಿದ್ದವರಲ್ಲವೇ, ಅವರಿಗೆ ಚೈನು ಹೊಸದಾಗಿರಲಿಲ್ಲ!

ಚೈನಿನ ಪಟ್ಟಿಯ ಮೇಲೆ 428 ಅಥವಾ 520 ಎಂಬಂಥ ಅಂಕಿ ಒತ್ತಿರುತ್ತದೆ, ನೋಡಿ. ಮೊದಲ ಅಂಕಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರವನ್ನು ಅಂಗುಲದ ಎಂಟನೇ ಒಂದು ಭಾಗಗಳಲ್ಲಿ ಹೇಳುತ್ತದೆ. 4 ಎಂದರೆ ಎಂಟರಲ್ಲಿ ನಾಲ್ಕು ಭಾಗ, ಅರ್ಧ ಅಂಗುಲ, 12.7 ಮಿಲಿಮೀಟರು. 5 ಎಂದರೆ 15.875 ಮಿಲಿಮೀಟರು. ಚಿಕ್ಕ ಗಾಡಿಗೆ ಚಿಕ್ಕ ಕೊಂಡಿ, ದೊಡ್ಡ ಗಾಡಿಗೆ ದೊಡ್ಡ ಕೊಂಡಿ.

ಅಂದಹಾಗೆ, ಚೈನಿನ ವಿಚಾರದಲ್ಲಿ ನಮ್ಮ ಮೈಸೂರಿನ ಬುದ್ಧಿವಂತಿಕೆಯನ್ನು ನೆನೆಯದಿದ್ದರೆ ತಪ್ಪಾದೀತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜೆಕೊಸ್ಲೊವಾಕಿಯಾದ ಜಾವಾ ಮೋಟಾರು ಸೈಕಲ್ಲನ್ನು 1961ರಿಂದ ಅಲ್ಲಿ ತಯಾರಿಸಿದರು. 1973ರಿಂದ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಗಾಡಿಯ ಚೈನು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಿಂದಿನ ಹಲ್ಲುಚಕ್ರಕ್ಕೆ ಪೂರ್ತಿ ಮುಚ್ಚಿಗೆ, ಮೇಲೆ ಕೆಳಗೆ ಓಡುವ ಚೈನಿಗೆ ಎರಡು ರಬ್ಬರಿನ ಕೊಳವೆ. ಧೂಳಿಲ್ಲ, ಮಳೆಯಿಲ್ಲ, ಸೀರೆಯ ಸೆರಗಿಗೂ ಭಯವಿಲ್ಲ. ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಅದೇ ಗಾಡಿಯಿತ್ತು. ಚೈನಿಗೆ ಎಣ್ಣೆ ಕಾಣಿಸಿದ್ದು ಅಪರೂಪವಾದರೂ ಅದು ಮುನಿಸಿಕೊಂಡದ್ದಿಲ್ಲ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೆ ಕಂಪನಿಯಿಂದ ಹೊಸ ರೂಪದಲ್ಲಿ ಮರಳಿ ಬಂದವು. ಆದರೆ ಆ ರಬ್ಬರಿನ ಕೊಳವೆ ಮರಳಿ ಬರಲಿಲ್ಲ. ಈಗಿನ ಗಾಡಿಗಳಲ್ಲಿ ಬಹುಮಟ್ಟಿಗೆ ಚೈನು ಬಯಲಲ್ಲೇ ಓಡುತ್ತದೆ. ನೋಡಲು ಚೆಂದ, ಆದರೆ ಆರೈಕೆಯ ಭಾರ ಈಗ ನಿಮ್ಮ ಮೇಲೆ.

ಬಯಲಲ್ಲಿ ಓಡುವ ಚೈನಿಗೆ ಹೈದರಾಬಾದು ಸುಲಭದ ಊರಲ್ಲ. ನಾವು ನಿಂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಕಣಶಿಲೆಯ ಮೇಲೆ. ಎಲ್ಲೆಲ್ಲಿ ಕಟ್ಟಡಕ್ಕೆ ಬಂಡೆ ಒಡೆಯುತ್ತಾರೋ ಅಲ್ಲೆಲ್ಲ ಅದರ ಪುಡಿ ಏಳುತ್ತದೆ. ಆ ಪುಡಿಯಲ್ಲಿ ಬೆಣಚಿನ ಕಣಗಳಿವೆ. ಬೆಣಚು ಸಾಮಾನ್ಯ ಉಕ್ಕನ್ನು ಗೀಚುವಷ್ಟು ಗಟ್ಟಿ. ಚೈನಿನ ಮೇಲಿನ ಹಳೆಯ ಎಣ್ಣೆಗೆ ಈ ಪುಡಿ ಅಂಟಿದರೆ ಅದು ಎಣ್ಣೆಯಲ್ಲ, ಮಸೆಯುವ ಮಸಿ! ಮೇಲೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಮೊಣಕಾಲುದ್ದ ನೀರಿನಲ್ಲಿ ಗಾಡಿ ತಳ್ಳಿಕೊಂಡು ಬಂದ ಮರುದಿನ ಬೆಳಿಗ್ಗೆ ಚೈನಿನ ಮೇಲೆ ಕುಂಕುಮ ಎರಚಿದಂತೆ ತುಕ್ಕು ಕಂಡಿದ್ದೀರಲ್ಲವೇ?

ಸವೆತ ಆಗುವುದು ಎಲ್ಲಿ? ಕಣ್ಣಿಗೆ ಕಾಣುವ ಹೊರಮೈಯಲ್ಲಿ ಅಲ್ಲ, ಒಳಗೆ ಪಿನ್ನು ಬುಷ್ಷಿನ ನಡುವೆ. ಒಂದೊಂದು ಕೊಂಡಿಯಲ್ಲಿ ಬರೀ ಹತ್ತನೇ ಒಂದು ಮಿಲಿಮೀಟರು ಸವೆದರೂ ನೂರು ಕೊಂಡಿಯ ಚೈನು ಹತ್ತು ಮಿಲಿಮೀಟರು ಉದ್ದವಾಗುತ್ತದೆ. ‘ಚೈನು ಹಿಗ್ಗಿದೆ’ ಎಂದು ಮಿಸ್ತ್ರಿ ಹೇಳುವುದು ಇದನ್ನೇ. ಉಕ್ಕು ಹಿಗ್ಗಿದ್ದಲ್ಲ, ಸವೆದು ಸಂದು ಬಿಟ್ಟದ್ದು. ಉದ್ದವಾದ ಚೈನು ಹಲ್ಲುಗಳ ಮೇಲೆ ಸರಿಯಾಗಿ ಕೂರುವುದಿಲ್ಲ, ಹಲ್ಲುಗಳನ್ನೂ ಕೊಕ್ಕೆಯಂತೆ ಬಾಗಿಸುತ್ತದೆ. ಕೊನೆಗೊಂದು ದಿನ ಹಾರಿ ಬೀಳುತ್ತದೆ ಅಥವಾ ಹರಿಯುತ್ತದೆ. ವೇಗದಲ್ಲಿದ್ದಾಗ ಹರಿದ ಚೈನು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರ ಅಲ್ಲಿಗೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಇನ್ನು ಅಭ್ಯಂಜನದ ವಿಧಿ. ನಮ್ಮ ಕಟ್ಟಡದ ಕೆಳಗಿನ ಮನೆಯ ಹುಡುಗ ಮೊದಲ ಸಲ ಈ ಕೆಲಸಕ್ಕೆ ಕೂತಾಗ ಗಾಡಿಯ ಜೊತೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ‘ಆಂಟಿ, ನೀವು ಓದ್ರಿ, ನಾ ಮಾಡ್ತೀನಿ’ ಎಂದ. ಒಂದು ವಾಕ್ಯ ಓದುವುದು, ಒಂದು ಕೆಲಸ ಆಗುವುದು. ಪದವಿಗೆ ಓದಿದ ಇಂಗ್ಲಿಷು ಹೀಗೂ ಉಪಯೋಗಕ್ಕೆ ಬಂತು. ಅಂದು ಕಲಿತದ್ದನ್ನೂ ಆಮೇಲೆ ಮಿಸ್ತ್ರಿಗಳ ಬಾಯಿಂದ ಕೇಳಿ ತಿಳಿದದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಇಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿ. ಗೇರು ನ್ಯೂಟ್ರಲ್ಲಿನಲ್ಲಿರಲಿ. ಗಾಡಿಯನ್ನು ಸಮನೆಲದಲ್ಲಿ ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ದೊಡ್ಡ ಸ್ಟ್ಯಾಂಡು ಇಲ್ಲದ ಗಾಡಿಯಾದರೆ ಹಿಂಚಕ್ರ ಎತ್ತುವ ಸ್ಟ್ಯಾಂಡು ಬಳಸಿ. ಅದೂ ಇಲ್ಲವೇ, ಒಂದಿಷ್ಟು ಭಾಗ ತೊಳೆದು ಗಾಡಿಯನ್ನು ಗೇಣುದ್ದ ಮುಂದಕ್ಕೆ ತಳ್ಳಿ ಇನ್ನೊಂದಿಷ್ಟು ತೊಳೆಯಿರಿ.

ಇಲ್ಲಿ ಒಂದು ಮಾತು, ದಯವಿಟ್ಟು ಕಿವಿಗೊಟ್ಟು ಕೇಳಿ. ಕೆಲವರು ಬೇಗ ಆಗಲೆಂದು ಇಂಜಿನ್ ಚಾಲೂ ಮಾಡಿ, ಮೊದಲ ಗೇರಿಗೆ ಹಾಕಿ, ಚಕ್ರ ತಾನಾಗಿ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನು ಒರೆಸುತ್ತಾರೆ. ನಮಗೆ ಪರಿಚಯದ ಮನೆಯ ಹುಡುಗನೊಬ್ಬ ಹೀಗೆಯೇ ಮಾಡಿದ. ಚೈನು ಬಟ್ಟೆಯನ್ನು ಎಳೆದುಕೊಂಡಿತು, ಬಟ್ಟೆ ಬೆರಳನ್ನು ಎಳೆದುಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಲಗೈಯ ತೋರುಬೆರಳಿನ ತುದಿ ಹೋಯಿತು. ತಬಲಾ ಕಲಿಯುತ್ತಿದ್ದ ಹುಡುಗ. ಈಗ ಎಡಗೈಯ ಡಗ್ಗಾ ಮಾತ್ರ ಸರಿಯಾಗಿ ನುಡಿಯುತ್ತದೆ ಎಂದು ಅವನ ತಾಯಿ ಹೇಳಿದಾಗ ನನಗೆ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಚೈನು ಹಲ್ಲನ್ನು ಸೇರುವ ಜಾಗಕ್ಕೆ ಕೈಯ ಗುರುತು ತಿಳಿಯುವುದಿಲ್ಲ. ಆದ್ದರಿಂದ ಚಕ್ರವನ್ನು ಒಂದು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಬ್ರಷ್ಷು ಹಿಡಿದ ಇನ್ನೊಂದು ಕೈ ಎರಡು ಹಲ್ಲುಚಕ್ರಗಳ ನಡುವೆ, ಕೆಳಗಿನ ಸಾಲಿನಲ್ಲಿ ಮಾತ್ರ ಇರಲಿ. ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ವೇಲು, ಸೆರಗು, ಉದ್ದ ತೋಳು ಇದ್ದರೆ ಸಿಕ್ಕಿಸಿಕೊಳ್ಳಿ. ಪುಟ್ಟ ಮಕ್ಕಳು ಚಕ್ರದ ಹತ್ತಿರ ಬಾರದಿರಲಿ.

ಎರಡನೆಯದು ತೊಳೆಯುವುದು. ಚೈನಿನ ಪಟ್ಟಿಗಳ ನಡುವೆ ಇಣುಕಿ ನೋಡಿ. ಸಣ್ಣ ಕರಿಯ ರಬ್ಬರಿನ ಬಳೆಗಳು ಕಂಡರೆ ಅದು ಓ-ರಿಂಗ್ ಚೈನು. ಅದರಲ್ಲಿ ಕಾರ್ಖಾನೆಯಲ್ಲೇ ಪಿನ್ನಿನ ಸುತ್ತ ಗ್ರೀಸು ತುಂಬಿ, ಅದು ಹೊರಗೆ ಬಾರದಂತೆ ರಬ್ಬರಿನ ಬಳೆ ತೊಡಿಸಿರುತ್ತಾರೆ. ಆ ಬಳೆ ಹಾಳಾದರೆ ಒಳಗಿನ ಗ್ರೀಸು ಹೋಯಿತು, ಅದನ್ನು ಮತ್ತೆ ತುಂಬಲಾಗದು. ಅದಕ್ಕೇ ಪೆಟ್ರೋಲು ಬೇಡ, ತಂತಿಯ ಬ್ರಷ್ಷು ಬೇಡ, ಜೋರಾಗಿ ಚಿಮ್ಮುವ ನೀರೂ ಬೇಡ. ಸೀಮೆಎಣ್ಣೆ ಸಾಕು. ಈಗ ಮನೆಗಳಲ್ಲಿ ಸೀಮೆಎಣ್ಣೆ ಸಿಗುವುದು ಅಪರೂಪ. ಓ-ರಿಂಗಿಗೆ ತೊಂದರೆಯಿಲ್ಲ ಎಂದು ಡಬ್ಬಿಯ ಮೇಲೆ ಬರೆದಿರುವ ಚೈನು ತೊಳೆಯುವ ಸ್ಪ್ರೇ ತಂದರೂ ಆಯಿತು. ಬಳೆಯಿಲ್ಲದ ಸಾದಾ ಚೈನಿಗೂ ಪೆಟ್ರೋಲು ಬೇಡವೆನ್ನುತ್ತೇನೆ. ಅದರ ಆವಿಗೆ ಒಂದು ಕಿಡಿ ಸಾಕು.

ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ನಾಲ್ಕೂ ಮೈ ಉಜ್ಜಿ. ಕೆಳಗೆ ಹಳೆಯ ತಗಡಿನ ತಟ್ಟೆಯೊಂದನ್ನು ಇಡಿ. ಟೈರಿಗೂ ಬ್ರೇಕಿಗೂ ಎಣ್ಣೆ ಸಿಡಿಯದಂತೆ ಒಂದು ರಟ್ಟಿನ ತುಂಡನ್ನು ಅಡ್ಡ ಹಿಡಿಯಿರಿ. ಇದು ಬಹಳ ಮುಖ್ಯ. ಕರಿಯ ಮಸಿ ಬಿಟ್ಟು ಕೊಂಡಿಗಳು ಬೆಳ್ಳಗೆ ಕಾಣತೊಡಗಿದ ಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಆರಲು ಬಿಡಿ. ಒದ್ದೆ ತಲೆಗೆ ಎಣ್ಣೆ ಹಚ್ಚಿದರೆ ಹಿಡಿಯುವುದಿಲ್ಲ, ಹಾಗೆಯೇ ಇದೂ.

ಮೂರನೆಯದು ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ಇಲ್ಲಿಗೆ ತೀರ ತೆಳು, ಗಾಡಿ ಓಡಿದೊಡನೆ ಸಿಡಿದುಹೋಗುತ್ತದೆ. ಗ್ರೀಸು ತೀರ ದಪ್ಪ, ಹೊರಗೇ ಕೂತು ಧೂಳು ಹಿಡಿಯುತ್ತದೆ, ಒಳಗೆ ಇಳಿಯುವುದಿಲ್ಲ. ಎಸ್.ಎ.ಇ. 90 ಗೇರ್ ಎಣ್ಣೆ ನಮ್ಮ ಕಡೆ ಹಿಂದಿನಿಂದ ನಡೆದುಬಂದ ಮದ್ದು. ಚೈನಿಗೆಂದೇ ಬರುವ ಸ್ಪ್ರೇ ಇನ್ನೂ ಸುಲಭ. ಎಣ್ಣೆಯನ್ನು ಬಿಡಬೇಕಾದದ್ದು ಚೈನಿನ ಒಳಮೈಗೆ, ಅಂದರೆ ಕೆಳಗಿನ ಸಾಲಿನ ಮೇಲ್ಭಾಗಕ್ಕೆ, ಪಟ್ಟಿಗಳ ಸಂದಿಗೆ. ಚಕ್ರ ತಿರುಗಿದಾಗ ಎಣ್ಣೆ ತಾನಾಗಿ ಹೊರಗಿನ ಕಡೆಗೆ ಹರಿಯುತ್ತದೆ. ಕೊಂಡಿಗೊಂದು ಹನಿ ಸಾಕು, ಒಗ್ಗರಣೆಯ ಹಾಗೆ ಸುರಿಯಬೇಡಿ! ಗಾಡಿ ಸ್ವಲ್ಪ ಓಡಿ ಬಂದು ಚೈನು ಬೆಚ್ಚಗಿರುವಾಗ ಹಚ್ಚಿದರೆ ಬೇಗ ಒಳಗಿಳಿಯುತ್ತದೆ. ರಾತ್ರಿ ಹಚ್ಚಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಮಿಕ್ಕ ಎಣ್ಣೆಯನ್ನು ಒರೆಸಿ ಓಡಿಸುವುದು ಉತ್ತಮ. ಓಡಿಸುವ ಮೊದಲು ಟೈರಿನ ಮೇಲೆ ಒಂದು ಸಲ ಕೈಯಾಡಿಸಿ ನೋಡಿ. ಟೈರಿಗೆ ಎಣ್ಣೆ ತಗುಲಿದ್ದರೆ ಮೊದಲ ತಿರುವಿನಲ್ಲೇ ನೆಲ ಕಾಣಬೇಕಾದೀತು.

ನಾಲ್ಕನೆಯದು ಬಿಗಿ ನೋಡುವುದು. ಕೆಳಗಿನ ಸಾಲಿನ ನಟ್ಟನಡುವೆ ಚೈನನ್ನು ಬೆರಳಿಂದ ಮೇಲೆ ಕೆಳಗೆ ಆಡಿಸಿ. ಸಾಮಾನ್ಯ ಗಾಡಿಗಳಲ್ಲಿ ಅದು 20ರಿಂದ 30 ಮಿಲಿಮೀಟರಿನಷ್ಟು ಆಡುತ್ತದೆ. ನಿಮ್ಮ ಗಾಡಿಯ ಸರಿಯಾದ ಅಂಕಿ ಕೈಪಿಡಿಯಲ್ಲಿರುತ್ತದೆ, ಅದೇ ಪ್ರಮಾಣ. ಚಕ್ರ ತಿರುಗಿಸುತ್ತ ನಾಲ್ಕಾರು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿಯಿದೆಯೋ ಅಲ್ಲಿ ಅಳೆಯಿರಿ. ಸಡಿಲವಾದರೆ ಹಾರುತ್ತದೆ ಎಂದು ಕೆಲವರು ತಂತಿಯಂತೆ ಬಿಗಿಯುತ್ತಾರೆ. ಅದೂ ಕೇಡೇ. ಹಿಂದೆ ಇಬ್ಬರು ಕುಳಿತು ಗಾಡಿ ತಗ್ಗಿಗೆ ಇಳಿದಾಗ ಚೈನು ಇನ್ನಷ್ಟು ಬಿಗಿಯಾಗುತ್ತದೆ, ಬೇರಿಂಗುಗಳು ನರಳುತ್ತವೆ. ಸರಿಪಡಿಸುವಾಗ ಹಿಂದಿನ ಅಚ್ಚಿನ ನಟ್ಟು ಸಡಿಲಿಸಿ, ಎರಡೂ ಬದಿಯ ತಿರುಪುಗಳನ್ನು ಸಮನಾಗಿ ತಿರುಗಿಸಬೇಕು. ಎರಡೂ ಕಡೆಯ ಗೆರೆಗಳು ಒಂದೇ ಅಂಕದಲ್ಲಿರಬೇಕು. ಆಮೇಲೆ ನಟ್ಟು ಬಿಗಿಯಬೇಕು. ಈ ಭಾಗವನ್ನು ಮೊದಲ ಸಲ ಅನುಭವಸ್ಥರ ಎದುರಿನಲ್ಲೇ ಮಾಡಿ. ಬಿಗಿಯಲು ಮರೆತ ಅಚ್ಚಿನ ನಟ್ಟು ಕೊಳೆಯಾದ ಚೈನಿಗಿಂತ ಅಪಾಯ.

ಚೈನು ಕೂಡಿಸುವ ಕೊಂಡಿಗೆ ಕ್ಲಿಪ್ಪು ಇದ್ದರೆ ಅದು ಮೀನಿನ ಆಕಾರದಲ್ಲಿರುತ್ತದೆ. ಮೀನು ಈಜುವ ಹಾಗೆಯೇ ಅದೂ ಇರಬೇಕು: ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ, ಸೀಳಿದ ಬಾಲ ಹಿಂದಕ್ಕೆ. ತಿರುಗುಮುರುಗಾದರೆ ಯಾವುದಕ್ಕಾದರೂ ತಗುಲಿ ಕಳಚಿಬಿಡಬಹುದು.

ಚೈನು ಮುದಿಯಾಯಿತೇ ಎಂದು ತಿಳಿಯುವುದೂ ಸುಲಭ. ಅರ್ಧ ಅಂಗುಲದ ಚೈನಾದರೆ, ಅದನ್ನು ಎಳೆದು ನೆಟ್ಟಗೆ ಹಿಡಿದು ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯ ಪಿನ್ನಿನ ನಡುವಿನವರೆಗೆ ಅಳೆಯಿರಿ. ಹೊಸದರಲ್ಲಿ ಇಪ್ಪತ್ತು ಕೊಂಡಿಗೆ 254 ಮಿಲಿಮೀಟರು. 259ಕ್ಕೆ ಬಂದಿದ್ದರೆ ಶೇಕಡ 2ರಷ್ಟು ಸವೆದಿದೆ, ಕೈಪಿಡಿಯ ಮಿತಿಯನ್ನೊಮ್ಮೆ ನೋಡಿ ಬದಲಿಸುವ ಯೋಚನೆ ಮಾಡಿ. ಬದಲಿಸುವಾಗ ಎರಡು ಹಲ್ಲುಚಕ್ರಗಳನ್ನೂ ಒಟ್ಟಿಗೆ ಬದಲಿಸಿ. ರಾಣಿಗಂಜಿನ ಬಿಡಿಭಾಗದ ಅಂಗಡಿಗಳಲ್ಲಿ ‘ಚೈನ್ ಕಿಟ್’ ಎಂದು ಮೂರನ್ನೂ ಸೇರಿಸಿಯೇ ಕೊಡುತ್ತಾರೆ. ಹಳೆಯ ಹಲ್ಲಿಗೆ ಹೊಸ ಚೈನು ಹಾಕಿದರೆ ಅದೂ ಬೇಗ ಮುದಿಯಾಗುತ್ತದೆ.

ಇದನ್ನೆಲ್ಲ ಎಷ್ಟು ದಿನಕ್ಕೊಮ್ಮೆ ಮಾಡಬೇಕು? ಸುಮಾರು 500 ಕಿಲೋಮೀಟರಿಗೊಮ್ಮೆ ಎಂಬುದು ವಾಡಿಕೆಯ ಲೆಕ್ಕ. ನಾರಾಯಣಗೂಡದಿಂದ ಹೈಟೆಕ್ ಸಿಟಿಯ ಕಡೆ ಕೆಲಸಕ್ಕೆ ಹೋಗಿಬರುವವರಿಗೆ ದಿನಕ್ಕೆ ಮೂವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಅಂದರೆ ಮೂರು ವಾರಕ್ಕೊಂದು ಭಾನುವಾರ. ಮಳೆಯಲ್ಲಿ ತೊಯ್ದ ದಿನ ಲೆಕ್ಕ ನೋಡಬೇಡಿ, ಅಂದೇ ಒರೆಸಿ ಎಣ್ಣೆ ಬಿಡಿ.

ತಟ್ಟೆಯಲ್ಲಿ ಕೂತ ಕರಿಯ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಇಲ್ಲಿಯ ಚರಂಡಿ ಕೊನೆಗೆ ಸೇರುವುದು ಮೂಸಿಯನ್ನು. ಆ ನದಿ ಈಗಾಗಲೇ ಸಾಕಷ್ಟು ಉಂಡಿದೆ. ಸೀಸೆಯಲ್ಲಿ ತುಂಬಿಟ್ಟು, ಹಳೆಯ ಇಂಜಿನ್ ಎಣ್ಣೆ ಕೂಡಿಹಾಕುವ ಗ್ಯಾರೇಜಿಗೆ ಕೊಡಿ. ಒರೆಸಿದ ಬಟ್ಟೆಯನ್ನು ಒಲೆಯ ಹತ್ತಿರ ಇಡಬೇಡಿ.

ಇನ್ನೊಂದು ಮಾತು, ಇದು ಹಿಂದೆ ಕೂರುವವರ ಪರವಾಗಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ ಮೋಟಾರು ಸೈಕಲ್ಲಿನಲ್ಲಿ ಹಿಂಬದಿ ಸವಾರರಿಗೆ ಕೈಹಿಡಿ, ಕಾಲಿಡುವ ಜಾಗ ಇರಬೇಕು. ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆಯೂ ಇರಬೇಕು. ಅಂದ ಕೆಡುತ್ತದೆಂದು ಕೆಲವು ಹುಡುಗರು ಹೊಸ ಗಾಡಿ ತಂದ ವಾರದಲ್ಲೇ ಆ ಜಾಲರಿಯನ್ನು ಬಿಚ್ಚಿಸುತ್ತಾರೆ. ನಿಮ್ಮ ಹಿಂದೆ ಕೂರುವವಳು ತಾಯಿ, ತಂಗಿ, ಗೆಳತಿ. ಅವಳ ಸೆರಗು, ವೇಲು ಗಾಳಿಗೆ ಹಾರುವುದು ಆ ಚಕ್ರದ, ಆ ಚೈನಿನ ಪಕ್ಕದಲ್ಲೇ. ಜಾಲರಿ ಅಲ್ಲಿಯೇ ಇರಲಿ.

ಆಯುಧಪೂಜೆಯ ದಿನ ನಮ್ಮ ಓಣಿ ಇನ್ನೊಂದು ಬಗೆ. ಗಾಡಿಗಳಿಗೆಲ್ಲ ಚೆಂಡುಹೂವಿನ ಮಾಲೆ, ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಮರುದಿನ ನಮ್ಮ ಕಲಬುರಗಿ ಕಡೆಯವರು ‘ಬನ್ನಿ’ ಎಂದೂ ತೆಲುಗಿನವರು ‘ಜಮ್ಮಿ’ ಎಂದೂ ಕರೆಯುವ ಒಂದೇ ಮರದ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುತ್ತಾರೆ. ಪೂಜೆ ಬೇಡವೆಂದು ನಾನು ಹೇಳುವವಳಲ್ಲ, ನಮ್ಮ ಮನೆಯಲ್ಲೂ ಮಾಡುತ್ತೇವೆ. ಆದರೆ ದೇವರಿಗೂ ಮೊದಲು ಅಭಿಷೇಕ, ಆಮೇಲೆ ಅಲಂಕಾರ. ಒಣಗಿ ಕಿರುಗುಟ್ಟುವ ಚೈನಿನ ಮೇಲೆ ಮಾಲೆ ಇಳಿಬಿಟ್ಟರೆ ಆ ಪೂಜೆ ಯಂತ್ರಕ್ಕೆ ಮುಟ್ಟುವುದಿಲ್ಲ.

ಬರುವ ಭಾನುವಾರ ಒಂದು ತಾಸು ಇದಕ್ಕಿಡಿ. ಅಪ್ಪನಿಗೆ ಬಗ್ಗಲು ಬಾರದಿದ್ದರೆ ಕುರ್ಚಿ ಹಾಕಿ ಕೂರಿಸಿ, ಟಾರ್ಚು ಹಿಡಿಯಲು ಹೇಳಿ. ಅವರ ಕಾಲದ ಗಾಡಿ ಯಾವುದು, ಅದರ ಚೈನು ಎಲ್ಲಿ ಹರಿದಿತ್ತು, ಎಷ್ಟು ದೂರ ತಳ್ಳಿದ್ದರು ಎಂದು ಕೇಳಿ. ಕೈ ಮಸಿಯಾದಾಗ ಫೋನು ಮುಟ್ಟಲಾಗುವುದಿಲ್ಲ, ಮಾತು ತಾನಾಗಿ ಸಾಗುತ್ತದೆ. ಕೆಲಸ ಮುಗಿದ ಮೇಲೆ ಕೈಗೆ ಮೊದಲು ಸ್ವಲ್ಪ ಅಡಿಗೆ ಎಣ್ಣೆ ಸವರಿ, ಅದರ ಮೇಲೆ ಕಡಲೆಹಿಟ್ಟು ಹಾಕಿ ತಿಕ್ಕಿ, ಆಮೇಲೆ ಸೋಪು ಹಚ್ಚಿ. ಮಸಿ ಪೂರ್ತಿ ಬಿಡುತ್ತದೆ. ಗಾಡಿಯ ಮೀಟರಿನ ಅಂಕಿಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ; ಹಾಲಿನ ಲೆಕ್ಕದ ಪಕ್ಕದಲ್ಲೇ ಇರಲಿ. ಅದಕ್ಕೆ 500 ಕೂಡಿಸಿದರೆ ಮುಂದಿನ ಅಭ್ಯಂಜನ ಯಾವಾಗ ಎಂದು ಅಮ್ಮನೇ ನೆನಪಿಸುತ್ತಾಳೆ.